ಬ್ಯಾಕಸ್ ಮಾರ್ಷ್ ಹುಡುಗನ ಮೊದಲ ಪಂದ್ಯ

ರಿಚ್ಮಂಡ್ ಸ್ಟೇಷನ್ನಿನಲ್ಲಿ ಇಳಿದರೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಜನ ಹೋಗುವ ಕಡೆ ಹೋದರೆ ಸಾಕು, ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಬಂದುಬಿಡುತ್ತದೆ. ನಮಗೆಲ್ಲ ಎಂಸಿಜಿ ಅಂದರೆ 2022ರಲ್ಲಿ ಪಾಕಿಸ್ತಾನದ ಮೇಲೆ ಕೊಹ್ಲಿ ಆಡಿದ ಆಟ. ಆದರೆ ಚಳಿಗಾಲ ಪೂರ್ತಿ ಅದು ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲಿನ ಮೈದಾನ. 2025ರ ಮಾರ್ಚ್ 13, ಗುರುವಾರ ರಾತ್ರಿ ಅಲ್ಲಿ ರಿಚ್ಮಂಡ್ ಮತ್ತು ಕಾರ್ಲ್ಟನ್ ಪಂದ್ಯವಿತ್ತು. ಟಾರ್ನೀಟ್‌ನಲ್ಲಿ ಮನೆ ಮಾಡಿರುವ ನನ್ನ ಚಿಕ್ಕಮ್ಮನ ಮಗ ರಿಚ್ಮಂಡ್ ಅಭಿಮಾನಿ. "ಅಣ್ಣ, ಇವತ್ತು ನಾವು ಸೋಲ್ತೀವಿ. ಆದ್ರೂ ಬಾ, ಹುಡುಗರನ್ನ ನೋಡೋಣ" ಅಂದ.

ಅವನು ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. 2017, 2019, 2020 ಹೀಗೆ ಮೂರು ಸಲ ಚಾಂಪಿಯನ್ ಆದ ಕ್ಲಬ್ಬು 2024ರಲ್ಲಿ ಎರಡೇ ಪಂದ್ಯ ಗೆದ್ದು, 18 ತಂಡಗಳಲ್ಲಿ ಕೊನೆಗೆ ನಿಂತಿತ್ತು. ಡಸ್ಟಿನ್ ಮಾರ್ಟಿನ್ ನಿವೃತ್ತಿಯಾಗಿದ್ದ. ಶೈ ಬೋಲ್ಟನ್, ಡೇನಿಯಲ್ ರಿಯೋಲಿ, ಲಿಯಮ್ ಬೇಕರ್ ಬೇರೆ ಕ್ಲಬ್ಬುಗಳಿಗೆ ಹೋಗಿದ್ದರು. ಎಎಫ್‌ಎಲ್ ಅನ್ನುವ ಈ ಲೀಗಿನಲ್ಲಿ ದುಡ್ಡು ಸುರಿದು ತಂಡ ಕಟ್ಟುವ ಹಾಗಿಲ್ಲ. ಸಂಬಳಕ್ಕೆ ಮಿತಿ ಇದೆ. ಹೊಸ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಕೊನೆಗೆ ಬಂದ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುತ್ತದೆ. ತನ್ನ ಸರದಿಯ ಜೊತೆಗೆ, ಹೋದ ಆಟಗಾರರ ಬದಲಿಗೆ ಸಿಕ್ಕ ಸರದಿಗಳನ್ನೂ ಬಳಸಿಕೊಂಡು ರಿಚ್ಮಂಡ್ ಒಂದೇ ಡ್ರಾಫ್ಟ್‌ನಲ್ಲಿ ಎಂಟು ಹುಡುಗರನ್ನು ತಂದಿತ್ತು. ಮೊದಲ ಆಯ್ಕೆ ಸ್ಯಾಮ್ ಲೇಲರ್, ಬ್ಯಾಕಸ್ ಮಾರ್ಷ್ ಊರಿನವನು. ಅವತ್ತು ಅವನ ಮೊದಲ ಪಂದ್ಯ.

ಪಂದ್ಯ ಶುರುವಾಗುವ ಮೊದಲು ಗೋಲ್ ಕಂಬಗಳ ಹಿಂದೆ ಕೂರುವ ಅಭಿಮಾನಿಗಳು ಕ್ರೇಪ್ ಕಾಗದದ ಭಾರಿ ಬ್ಯಾನರ್ ಎತ್ತಿ ಹಿಡಿದರು. ತಾವೇ ಕೂತು ಅಂಟಿಸಿ ಮಾಡಿದ್ದು. ಆಟಗಾರರು ಓಡಿ ಬಂದು ಅದನ್ನು ಹರಿದುಕೊಂಡು ಮೈದಾನಕ್ಕೆ ನುಗ್ಗಿದರು. ಅಷ್ಟು ಶ್ರಮ ಎರಡು ಸೆಕೆಂಡಿಗೆ ಚೂರು ಚೂರು. ಯಾರಿಗೂ ಬೇಜಾರಿಲ್ಲ! ಎರಡೂ ತಂಡದ ಅಭಿಮಾನಿಗಳು ಅಕ್ಕಪಕ್ಕದಲ್ಲೇ ಕೂರುತ್ತಾರೆ, ಬೇರೆ ಬೇರೆ ಸ್ಟ್ಯಾಂಡ್ ಇಲ್ಲ. ನನ್ನ ಎಡಕ್ಕೆ ಕಾರ್ಲ್ಟನ್‌ನ ದಂಪತಿ. ಮುಂದಿನ ಸಾಲಿನಲ್ಲಿ ಹಳದಿ-ಕಪ್ಪು ಮಫ್ಲರ್ ಸುತ್ತಿಕೊಂಡ ಅಪ್ಪ, ಮಗಳು, ಅಜ್ಜಿ.

ಆ ಮೂವರ ಜಗಳವೇ ನನಗೆ ಆಟ ಕಲಿಸಿತು. ಎಲ್ಲ ಹುಡುಗರನ್ನೂ ಈಗಲೇ ಆಡಿಸಿ, ಹೇಗೂ ಸೋಲ್ತೀವಿ, ಸೋತಾದರೂ ಕಲೀಲಿ ಅನ್ನುವುದು ಮಗಳ ವಾದ. ಅಪ್ಪ ಒಪ್ಪಲಿಲ್ಲ. ನ್ಯಾಂಕರ್ವಿಸ್, ವ್ಲಾಸ್ಟೂಯಿನ್ ಅಂಥ ಹಳಬರು ಪಕ್ಕದಲ್ಲಿದ್ದರೆ ಮಾತ್ರ ಹುಡುಗರು ಉಳಿಯುತ್ತಾರೆ, ಇಲ್ಲದಿದ್ದರೆ ಪ್ರತಿ ವಾರ ಪೆಟ್ಟು ತಿಂದು ಧೈರ್ಯ ಕಳೆದುಕೊಳ್ಳುತ್ತಾರೆ ಅಂದ. ಎತ್ತರದ ಫಾರ್ವರ್ಡ್ ಹುಡುಗರಿಗಂತೂ ಎರಡು ಮೂರು ವರ್ಷ ಬೇಕು, ಕೆಳಗಿನ ಹಂತದ ವಿಎಫ್‌ಎಲ್‌ನಲ್ಲಿ ಆಡಿ ಮೈಗೆ ಬಲ ಬರಲಿ ಅನ್ನುವುದು ಅವನ ಲೆಕ್ಕ. ಅಜ್ಜಿ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. ನನ್ನ ಕಡೆ ತಿರುಗಿ, ಚೆಂಡಿನ ಹಿಂದೆ ಕಣ್ಣು ಓಡಿಸಬೇಡ, ಚೆಂಡು ಇಲ್ಲದಾಗ ಲೇಲರ್ ಎಲ್ಲಿ ನಿಲ್ತಾನೆ, ಯಾರನ್ನು ಅಟ್ಟಿಸಿಕೊಂಡು ಹೋಗ್ತಾನೆ ಅಂತ ನೋಡು ಅಂದರು. ಆಮೇಲೆ ನಾನು ಹಾಗೇ ನೋಡಿದೆ. ಒಬ್ಬನೇ ಆಟಗಾರನನ್ನು ಬಿಡದೆ ನೋಡುವುದರಲ್ಲಿ ಎಂಥಾ ಮಜಾ ಇದೆ ಗೊತ್ತಾ? ಟಿವಿಯಲ್ಲಿ ಅದು ಸಿಗುವುದೇ ಇಲ್ಲ.

ರಿಚ್ಮಂಡ್ ಒಂದು ಹಂತದಲ್ಲಿ 41 ಪಾಯಿಂಟ್ ಹಿಂದಿತ್ತು. ನನ್ನ ತಮ್ಮ ಮಾತು ನಿಲ್ಲಿಸಿ ಚಿಪ್ಸ್ ತಿನ್ನುತ್ತಾ ಕೂತ. ಅಲ್ಲಿಂದ ಆಟ ತಿರುಗಿತು. ಕೊನೆಯ ಸೈರನ್ ಆದಾಗ ರಿಚ್ಮಂಡ್ 82, ಕಾರ್ಲ್ಟನ್ 69. ಎಂಬತ್ತು ಸಾವಿರ ಜನರ ಕೂಗು ಎದೆಯೊಳಗೆ ಗುದ್ದಿದ ಹಾಗಿತ್ತು.

ವಾಪಸ್ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ವಾದಕ್ಕೆ ಮಾತ್ರ ಭರ್ತಿ ಜಾಗ. ಹುಡುಗರು ರೆಡಿಯಾಗಿದ್ದಾರೆ, ಈ ವರ್ಷ ಹತ್ತು ಪಂದ್ಯ ಗ್ಯಾರಂಟಿ ಅಂದ ಒಬ್ಬ. ಬಾಗಿಲ ಬಳಿ ನಿಂತಿದ್ದ ಹೆಂಗಸು ಫೋನಿನಲ್ಲಿ ಸ್ಕೋರ್ ತೋರಿಸಿದರು. ರಿಚ್ಮಂಡ್‌ದು 13 ಗೋಲ್, 4 ಬಿಹೈಂಡ್. ಕಾರ್ಲ್ಟನ್‌ದು 9 ಗೋಲ್, 15 ಬಿಹೈಂಡ್. ಗೋಲಿಗೆ ಆರು ಪಾಯಿಂಟ್, ಚೆಂಡು ಗೋಲ್ ಕಂಬ ಮತ್ತು ಅದರ ಪಕ್ಕದ ಕಂಬದ ನಡುವೆ ಹೋದರೆ ಬಿಹೈಂಡ್, ಅದಕ್ಕೆ ಒಂದೇ. ಅಂದರೆ ಕಾರ್ಲ್ಟನ್ 24 ಸಲ ಸ್ಕೋರ್ ಮಾಡಿದೆ, ನಾವು 17 ಸಲ. ಅವರು ನೆಟ್ಟಗೆ ಒದ್ದಿದ್ದರೆ ನಾವು ಎಲ್ಲಿರ್ತಿದ್ವಿ ಅಂತ ಕೇಳಿದರು. ಗೆದ್ದ ರಾತ್ರಿಯೇ ತಮ್ಮ ತಂಡವನ್ನು ಹೀಗೆ ಅಳೆದು ನೋಡುವ ಅಭಿಮಾನಿ ನನಗೆ ತುಂಬಾ ಇಷ್ಟವಾದರು. ಪ್ರೀತಿ ಇದ್ದವರಿಗೇ ಅಷ್ಟು ಸರಿಯಾದ ಲೆಕ್ಕ ಬೇಕಾಗೋದು.

ಮರುದಿನ ತಮ್ಮನ ಕಾರಿನಲ್ಲಿ ಬ್ಯಾಕಸ್ ಮಾರ್ಷ್‌ಗೆ ಹೋದೆವು. ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಯೊಳಗಿನ ದಾರಿ. ಊರಿನ ಬಾಗಿಲಲ್ಲೇ ಎರಡೂ ಕಡೆ ದೊಡ್ಡ ಎಲ್ಮ್ ಮರಗಳ ಸಾಲು. ಮೊದಲ ಮಹಾಯುದ್ಧಕ್ಕೆ ಹೋದ ಊರಿನವರ ನೆನಪಿಗೆ 1918ರಲ್ಲಿ ನೆಟ್ಟದ್ದು. ಸುತ್ತ ತೋಟಗಳು, ಮಾರ್ಚ್‌ನಲ್ಲಿ ಸೇಬಿನ ಸುಗ್ಗಿ. ಅಂಗಡಿಯಲ್ಲಿ ಸೇಬು ತೂಗುತ್ತಿದ್ದವರಿಗೆ ಹಿಂದಿನ ರಾತ್ರಿಯ ಪಂದ್ಯದ ಮಾತು ತೆಗೆದರೆ ಸಾಕು, ತಕ್ಕಡಿ ಮರೆತೇಬಿಟ್ಟರು. ಲೇಲರ್ ಬಲ್ಲಾರಟ್ ಕಡೆಯ ರೆಬೆಲ್ಸ್ ತಂಡದಲ್ಲಿ 18 ವರ್ಷದೊಳಗಿನವರ ಜೊತೆ ಆಡುತ್ತಿದ್ದ ದಿನಗಳಿಂದ ಶುರು ಮಾಡಿ, ಕೊನೆಗೆ ಅವರು ಹೇಳಿದ್ದು ಇಷ್ಟು: ಫಾರ್ಮ್ ಬಿಡಿ, ಅವನ ಮೈ ಗಟ್ಟಿಯಾಗಿರಲಿ.

ಆ ಮಾತಿನ ತೂಕ ನನಗೆ ಊರಿಗೆ ಬಂದ ಮೇಲೆ ತಿಳಿಯಿತು. ವರ್ಷದ ಕೊನೆಗೆ ರಿಚ್ಮಂಡ್ ಗೆದ್ದದ್ದು ಐದು ಪಂದ್ಯ, ಸ್ಥಾನ 17. ಲೇಲರ್‌ಗೆ ತೊಡೆಯ ಹಿಂಬದಿಯ ಸ್ನಾಯು ಕಾಟ ಕೊಟ್ಟಿತು. ಅದೇ ಡ್ರಾಫ್ಟಿನ ಏಳನೇ ಆಯ್ಕೆ ಜೋಶ್ ಸ್ಮಿಲಿಗೆ ಗಾಯಗಳಿಂದಾಗಿ ಒಂದೂ ಲೀಗ್ ಪಂದ್ಯ ಆಡಲಾಗಲಿಲ್ಲ. ಡ್ರಾಫ್ಟ್‌ಗೆ ಮೊದಲೇ ಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದ ತಾಜ್ ಹಾಟನ್ ಮಾತ್ರ ಚೇತರಿಸಿಕೊಂಡು ಅದೇ ವರ್ಷ ಕಣಕ್ಕಿಳಿದ. ಮೊದಲ ವರ್ಷದ ಅಂಕಿಗಳನ್ನಿಟ್ಟುಕೊಂಡು ಈ ಹುಡುಗರಿಗೆ ಮಾರ್ಕ್ಸ್ ಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹಾಟನ್ ಮೈದಾನಕ್ಕೆ ಬಂದನಲ್ಲ, ನನ್ನ ಪ್ರಕಾರ ಕ್ಲಬ್ಬಿಗೆ ಆ ವರ್ಷ ಸಿಕ್ಕ ದೊಡ್ಡ ಗೆಲುವು ಅದೇ.

ತಮ್ಮ ಇದನ್ನು ಒಪ್ಪುವುದಿಲ್ಲ. ಫೋನ್ ಮಾಡಿದಾಗೆಲ್ಲ "ಅಣ್ಣ, ಸ್ಮಿಲಿ ಒಬ್ಬ ಸರಿ ಹೋದ್ರೆ ನಮ್ಮ ಮಿಡ್‌ಫೀಲ್ಡೇ ಬದಲಾಗುತ್ತೆ, ಬೇಕಾದ್ರೆ ನೋಡು" ಅನ್ನುತ್ತಾನೆ. ಮೊದಲು ವಿಎಫ್‌ಎಲ್‌ನಲ್ಲಿ ತಿಂಗಳುಗಟ್ಟಲೆ ಆಡಲಿ ಕಣೋ, ಅವಸರ ಯಾಕೆ ಅನ್ನುವುದು ನನ್ನ ವಾದ.