ಒಂದು ದೃಶ್ಯ, ಎರಡು ಪುಟ: ಅಭಿಮಾನಿಗಳ ಒಂದು ಮಧ್ಯಾಹ್ನ

ಹಾಸ್ಯದಲ್ಲಿ ಯಾವ ಸಿನಿಮಾ, ಯಾವ ಕಾದಂಬರಿಕಾರರು ಬೆಸ್ಟ್ ಎಂಬ ನಮ್ಮ ಗುಂಪಿನ ಭಾನುವಾರ ಮಧ್ಯಾಹ್ನದ ವಾದ ಎಂದಿನಂತೆ 1990ರ ಚಿತ್ರಗಳಿಂದಲೇ ಶುರುವಾಯಿತು. ಅನಂತನಾಗ್ ಅಭಿಮಾನಿಗಳಿಗೆ ಅದನ್ನು ಬಿಟ್ಟರೆ ಬೇರೆ ವರ್ಷವೇ ಇಲ್ಲ. ‘ಗಣೇಶನ ಮದುವೆ’, ‘ಉದ್ಭವ’, ‘ಗೋಲ್‌ಮಾಲ್ ರಾಧಾಕೃಷ್ಣ’ ಮೂರೂ ಆ ವರ್ಷದವೇ. ಕನ್ನಡದಲ್ಲಿ ‘ಗಣೇಶನ ಮದುವೆ’ಗಿಂತ ದೊಡ್ಡ ಹಾಸ್ಯಚಿತ್ರ ಇಲ್ಲ ಎಂದರು ಒಬ್ಬರು. ‘ಉದ್ಭವ’ದ ಮುಂದೆ ಅದು ಬರೀ ವಠಾರದ ಗಲಾಟೆ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಮೂರನೆಯವರು ನರಸಿಂಹರಾಜು ಹೆಸರೆತ್ತಿದರು. ಅಲ್ಲಿಗೆ ವಾದ ಹಳಿ ತಪ್ಪಿತು.

ಇಂಥ ಚರ್ಚೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಒಬ್ಬರು ಇಡೀ ಸಿನಿಮಾದ ಪರ ನಿಂತಿರುತ್ತಾರೆ, ಇನ್ನೊಬ್ಬರು ಒಬ್ಬ ನಟನ ಪರ, ಮತ್ತೊಬ್ಬರಿಗೆ ನೆನಪಿರುವುದು ಒಂದೇ ಒಂದು ಡೈಲಾಗು. ಮೂವರೂ ‘ಬೆಸ್ಟ್’ ಅನ್ನುತ್ತಾರೆ, ಮೂವರೂ ಬೇರೆ ಬೇರೆ ವಸ್ತುವನ್ನು ತೂಗುತ್ತಿರುತ್ತಾರೆ. ಅದಕ್ಕೇ ಗುಂಪಿನಲ್ಲಿ ಒಂದು ಕಟ್ಟುಪಾಡು ಬಂದಿದೆ: ಹೆಸರು ಹೇಳಿದವರು ಆ ಸಿನಿಮಾದ ಒಂದು ದೃಶ್ಯ ತೋರಿಸಬೇಕು, ಐದು ನಿಮಿಷ ಮೀರುವಂತಿಲ್ಲ. ಹೇಳಿದ್ದು ಕಾದಂಬರಿಕಾರರ ಹೆಸರಾದರೆ ಅವರ ಪುಸ್ತಕದಿಂದ ಎರಡು ಪುಟ ಗಟ್ಟಿಯಾಗಿ ಓದಬೇಕು.

ದೃಶ್ಯವನ್ನು ಎರಡು ಸಲ ಹಾಕುತ್ತೇವೆ. ಮೊದಲ ಸಲ ನಗುವುದಕ್ಕೆ. ಎರಡನೇ ಸಲ ಧ್ವನಿ ಪೂರ್ತಿ ಬಂದ್. ನರಸಿಂಹರಾಜು ದೃಶ್ಯ ಧ್ವನಿಯಿಲ್ಲದೆಯೂ ನಡೆಯುತ್ತದೆ. ಕಣ್ಣು, ಹೆಗಲು, ಓಡುವ ಕಾಲು ಇಷ್ಟೇ ಸಾಕು. ಅನಂತನಾಗ್ ದೃಶ್ಯದಲ್ಲಿ ಧ್ವನಿ ತೆಗೆದರೆ ಅರ್ಧ ಹೋಗುತ್ತದೆ, ಆದರೆ ಬೇರೊಂದು ಕಾಣುತ್ತದೆ: ಎದುರಿನವರು ಮಾತಾಡುವಾಗ ಆ ಮುಖ ಏನು ಮಾಡುತ್ತಿದೆ ಎನ್ನುವುದು. ನಗು ಹುಟ್ಟುವುದು ಮಾತಾಡುವವರಿಂದಲೋ ಕೇಳಿಸಿಕೊಳ್ಳುವವರಿಂದಲೋ ಎಂದು ಗೊತ್ತಾಗುವುದು ಆಗಲೇ. ಇದು ಮಾತಿನ ಹಾಸ್ಯಕ್ಕೆ ಅನ್ಯಾಯ ಎಂಬ ತಕರಾರು ಬಂದೇ ಬರುತ್ತದೆ, ನ್ಯಾಯವಾದ ತಕರಾರೇ. ಅಂಥವರಿಗೆ ಕಣ್ಣು ಮುಚ್ಚಿ ಕೇಳುವ ಇನ್ನೊಂದು ಸರದಿ ಉಂಟು.

ಕೆಡಿಸುವ ಸಂಗತಿಗಳು ಬೇಕಾದಷ್ಟಿವೆ. ಮೊಬೈಲಿನಲ್ಲಿ ಸಿಗುವ ತುಣುಕುಗಳಲ್ಲಿ ನಗು ಸಿಡಿಯುವ ಜಾಗ ಮಾತ್ರ ಇರುತ್ತದೆ, ಅದಕ್ಕೆ ಮದ್ದು ತುಂಬಿದ ಹಿಂದಿನ ಎರಡು ನಿಮಿಷ ಕತ್ತರಿಸಿ ಹೋಗಿರುತ್ತದೆ. ಸಿನಿಮಾ ನೋಡಿದವರು ಬಿದ್ದು ಬಿದ್ದು ನಗುತ್ತಾರೆ, ನೋಡದವರು ಮಿಕಮಿಕ ನೋಡುತ್ತಾರೆ. ಹಾಗಾಗಿ ಪೂರ್ತಿ ಚಿತ್ರದಿಂದಲೇ ಹಾಕಬೇಕು, ಬೇಕಾದ ಜಾಗಕ್ಕಿಂತ ಎರಡು ನಿಮಿಷ ಹಿಂದಿನಿಂದ. ಚಾಪ್ಲಿನ್, ಕೀಟನ್ ಕಾಲದ ಮೂಕಿ ಚಿತ್ರವಾದರೆ ಪ್ರತಿಯ ವೇಗ ನೋಡಿಕೊಳ್ಳಿ. ಸೆಕೆಂಡಿಗೆ 24ಕ್ಕಿಂತ ಕಡಿಮೆ ಚೌಕಟ್ಟುಗಳಲ್ಲಿ ಸೆರೆಹಿಡಿದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಕುಣಿದಾಡಿದಂತೆ ಕಾಣುತ್ತಾರೆ, ನಟ ಲೆಕ್ಕ ಹಾಕಿ ಇಟ್ಟ ವಿರಾಮ ಮಾಯವಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಕಾಟ ಡೈಲಾಗು ಬಾಯಿಪಾಠ ಬರುವವರದ್ದು. ನಟನಿಗಿಂತ ಅರ್ಧ ಸೆಕೆಂಡ್ ಮೊದಲೇ ಹೇಳಿಬಿಡುತ್ತಾರೆ, ಆಮೇಲೆ ಯಾರೂ ಯಾಕೆ ನಗಲಿಲ್ಲ ಅಂತ ಕೇಳುತ್ತಾರೆ.

ಎರಡು ದೃಶ್ಯ ಪಕ್ಕಪಕ್ಕ ಇಟ್ಟಾಗ ಆ ದಿನ ವಾದ ನಿಜಕ್ಕೂ ಮುಂದೆ ಹೋಯಿತು. ‘ಗಣೇಶನ ಮದುವೆ’ಯಲ್ಲಿ ವಠಾರದಲ್ಲಿ ಕಿತ್ತಾಡುವ ಗಣೇಶ ಮತ್ತು ಆದಿಲಕ್ಷ್ಮಿಯೇ ಪತ್ರದಲ್ಲಿ ಪ್ರೇಮಿಗಳು. ಅದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಪ್ರತಿ ಜಗಳವೂ ನಗು ತರುವುದು ಆ ಗುಟ್ಟಿನಿಂದ. ‘ಉದ್ಭವ’ದಲ್ಲಿ ರಸ್ತೆ ಅಗಲೀಕರಣಕ್ಕೆ ಅಡ್ಡವಾಗಿ ಗಣಪತಿ ‘ಎದ್ದು ಬರುತ್ತಾನೆ’. ಗುಟ್ಟು ಹೂಡಿದವನಿಗೂ ಗೊತ್ತು, ನಮಗೂ ಗೊತ್ತು, ಗೊತ್ತಿಲ್ಲದ್ದು ಊರಿಗೆ. ಮೊದಲನೆಯದರಲ್ಲಿ ನಾವು ಹೊರಗೆ ಕೂತು ನಗುತ್ತೇವೆ, ಎರಡನೆಯದರಲ್ಲಿ ಮೋಸದ ಪಾಲುದಾರರಾಗಿ ನಗುತ್ತೇವೆ. ‘ಉದ್ಭವ’ದ ನಗು ಮುಗಿದ ಮೇಲೂ ಸ್ವಲ್ಪ ಕಸಿವಿಸಿ ಉಳಿಯುವುದು ಅದಕ್ಕೇ. ನನ್ನ ಮತ ಅದಕ್ಕೆ. ಆದರೆ ಹತ್ತನೇ ಸಲ ನೋಡಲು ಯಾವುದು ಬೇಕು ಎಂದು ಕೇಳಿದರೆ ಎದುರು ಪಕ್ಷವೇ ಗೆಲ್ಲುತ್ತದೆ.

ಕಾದಂಬರಿಕಾರರ ವಿಷಯಕ್ಕೆ ಬಂದರೆ ಕಷ್ಟ ಬೇರೆ ಥರದ್ದು. ‘ಕುವೆಂಪುವೋ ಕಾರಂತರೋ’, ‘ಭೈರಪ್ಪನವರೋ ಅನಂತಮೂರ್ತಿಯವರೋ’ ಎಂದು ಶುರುವಾದರೆ ಹತ್ತು ನಿಮಿಷದಲ್ಲಿ ಕಾದಂಬರಿ ಮರೆತುಹೋಗಿ ವ್ಯಕ್ತಿಗಳ ಬಗ್ಗೆ ಮಾತು ನಡೆಯುತ್ತಿರುತ್ತದೆ. ತಮ್ಮವರ ಅತ್ಯುತ್ತಮ ಪುಸ್ತಕ ಹಿಡಿದು ಎದುರಿನವರ ಸಾಧಾರಣ ಪುಸ್ತಕಕ್ಕೆ ಹೊಡೆಯುವುದು ಎಲ್ಲರ ಹಳೇ ಚಾಳಿ. ಪುಸ್ತಕಕ್ಕೆ ಪುಸ್ತಕ, ಪುಟಕ್ಕೆ ಪುಟ ಎಂದು ಕಟ್ಟಿಹಾಕಿದರೆ ಮಾತ್ರ ದಾರಿಗೆ ಬರುತ್ತದೆ. ಆ ದಿನ ಹಾಸ್ಯಕ್ಕಷ್ಟೇ ಸೀಮಿತ ಎಂದು ಗೆರೆ ಎಳೆದಿದ್ದರಿಂದ ಬೀಚಿ, ತೇಜಸ್ವಿ, ಕುವೆಂಪು ಮೂವರು ಕಣದಲ್ಲಿ ಉಳಿದರು. ಕುವೆಂಪು ಹೆಸರಿಗೆ ಕೆಲವರು ಹುಬ್ಬೇರಿಸಿದರು. ಗಂಭೀರ ಎಂದು ಗೌರವದಿಂದ ಕಪಾಟಿನಲ್ಲಿಟ್ಟವರಿಗೆ ಹಾಗನ್ನಿಸುವುದು ಸಹಜ.

ಬೀಚಿಯವರ ಪುಟ ಓದಿದರೆ ಸಾಲು ಸಾಲಿಗೂ ನಗು. ಸಾಲು ಸಾಲಾಗಿಯೇ ಸಿಡಿಯುವುದರಿಂದ ಹತ್ತು ಸಾಲಿನ ಮೇಲೆ ಕೇಳುಗರು ಮುಂದಿನ ಚಟಾಕಿಗೆ ಕಾದು ಕೂರುತ್ತಾರೆ, ಆಗ ಪರಿಣಾಮ ಇಳಿಯುತ್ತದೆ. ಅವರನ್ನು ಅರ್ಧ ಪುಟಕ್ಕೆ ನಿಲ್ಲಿಸುವುದು ಜಾಣತನ. ಇನ್ನೊಂದು ಮಾತು, ಅವರ ಪಾತ್ರ ತಿಮ್ಮನ ಹೆಸರಿನಲ್ಲಿ ಓಡಾಡುವ ಜೋಕನ್ನು ಸಾಕ್ಷಿಯಾಗಿ ತರುವಂತಿಲ್ಲ, ಪುಸ್ತಕದಲ್ಲಿ ಪುಟ ತೋರಿಸಲೇಬೇಕು. ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ಉಲ್ಟಾ. ಒಂದು ಸಾಲು ಕಿತ್ತು ತೋರಿಸಿದರೆ ಅದರಲ್ಲಿ ಹಾಸ್ಯವೇ ಇಲ್ಲ, ವರದಿಯಂತೆ ನೆಟ್ಟಗೆ ಬರೆದಿದೆ. ಊರು ಲೆಕ್ಕಕ್ಕಿಡದ ಮಂದಣ್ಣನನ್ನು ವಿಜ್ಞಾನಿ ಗಂಭೀರವಾಗಿ ಪರಿಗಣಿಸುವುದೂ, ಮಂದಣ್ಣನಿಗೆ ತನ್ನದೇ ಬೇರೆ ಚಿಂತೆ ಇರುವುದೂ ಒಟ್ಟಿಗೆ ಸೇರಿದಾಗ ನಗು ಬರುತ್ತದೆ. ಅದನ್ನು ನಾಟಕೀಯವಾಗಿ ಓದಿದವರು ಪುಟವನ್ನೇ ಹಾಳು ಮಾಡಿದರು. ಇನ್ನೊಬ್ಬರು ಸಪ್ಪೆಯಾಗಿ ಓದಿದಾಗ ಕೋಣೆ ತುಂಬ ನಗು.

‘ಮಲೆಗಳಲ್ಲಿ ಮದುಮಗಳು’ (1967) ಪುಸ್ತಕದ ‘ಬೀಸೆಕಲ್ಲು ಸವಾರಿ’ಗೆ (ಬೈಸಿಕಲ್ ಊರವರ ಬಾಯಲ್ಲಿ ಬೀಸೆಕಲ್ಲು) ಎರಡು ಪುಟದ ನಿಯಮ ಸಾಲುವುದಿಲ್ಲ. ಮಲೆನಾಡಿನ ಆ ಊರಿಗೆ ಮೊದಲ ಸೈಕಲ್ ಬಂದಾಗಿನ ಗದ್ದಲ ನಿಧಾನವಾಗಿ ಏರುತ್ತದೆ, ಸುತ್ತ ನಿಂತ ಒಬ್ಬೊಬ್ಬರ ಪರಿಚಯವೂ ನಮಗೆ ಮೊದಲೇ ಆಗಿರಬೇಕು. ಅಂಥ ದೊಡ್ಡ ಕಾದಂಬರಿಗೆ ವಿನಾಯಿತಿ ಕೊಟ್ಟು, ಹಿನ್ನೆಲೆ ಹೇಳಲು ಐದು ನಿಮಿಷ ಬಿಡುವುದು ಮೇಲು. ಹುಬ್ಬೇರಿಸಿದವರು ಅದಾದ ಮೇಲೆ ತೆಪ್ಪಗಾದರು.

ಕೊನೆಗೆ ವಾದ ‘ಉದ್ಭವ’ಕ್ಕೇ ಮರಳಿತು. ಅದು ಬಿ.ವಿ. ವೈಕುಂಠರಾಜು ಅವರ ಕಾದಂಬರಿಯಿಂದ ಕೋಡ್ಲು ರಾಮಕೃಷ್ಣ ಮಾಡಿದ ಚಿತ್ರ, ಹಾಗಾಗಿ ಎರಡೂ ಪಟ್ಟಿಗಳಲ್ಲಿ ನಿಲ್ಲುತ್ತದೆ. ತೊಡಕು ಇಷ್ಟೇ: ಸಿನಿಮಾ ನೋಡಿ ಪುಸ್ತಕ ಹಿಡಿದರೆ ಪ್ರತಿ ಮಾತೂ ಅನಂತನಾಗ್ ಧ್ವನಿಯಲ್ಲೇ ಕೇಳಿಸುತ್ತದೆ, ನಗಿಸಿದ್ದು ಲೇಖಕರೋ ನಟರೋ ಎಂದು ಬಿಡಿಸಲಾಗದು. ಸಿನಿಮಾ ನೋಡದ ಒಬ್ಬರಾದರೂ ಮೊದಲು ಕಾದಂಬರಿ ಓದಿ ಬರಬೇಕು ಎಂದಾಯಿತು. ಅಂಥವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ.