ನಾನು, ಅಂದರೆ ರೈಟ್ ಬ್ಯಾಕ್

ಕಳೆದ ಕಾರ್ತಿಕದಲ್ಲಿ ಒಂದು ಬೆಳಗ್ಗೆ, ಇನ್ನೂ ಹಾಲು ಕೂಡ ಬಂದಿರಲಿಲ್ಲ, ಕೀಪರ್ ಫೋನ್ ಮಾಡಿದ. 'ಲೋ ರೈಟ್ ಬ್ಯಾಕು, ಮೇಷ್ಟ್ರು ಹೋಗಿಬಿಟ್ರು ಕಣೋ' ಅಂದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅರವತ್ತು ದಾಟಿದ ಇಬ್ಬರು ಹೀಗೆ ಕರೆದುಕೊಳ್ಳುವುದಕ್ಕೆ ಕಾರಣ ಆ ಮೇಷ್ಟ್ರೇ. ಕಾಲೇಜಿನಲ್ಲಿ ನಮಗೆ ಫುಟ್‌ಬಾಲ್ ಆಡಿಸಿದ ಪಿ.ಟಿ. ಮೇಷ್ಟ್ರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಮೈದಾನದಲ್ಲಿ ನೀನು ಎಲ್ಲಿ ನಿಲ್ತೀಯೋ ಅದೇ ನಿನ್ನ ಹೆಸರು. ಗೋಲು ಕಾಯುವವನು ಕೀಪರ್, ಹಿಂದೆ ಮಧ್ಯದಲ್ಲಿ ತಡೆಯುವವನು ಸ್ಟಾಪರ್, ಮುಂದೆ ಎಡ ಅಂಚಿನಲ್ಲಿ ಓಡುವವನು ಲೆಫ್ಟ್ ಔಟ್, ಹಿಂದೆ ಬಲಗಡೆ ನಿಲ್ಲುವ ನಾನು ರೈಟ್ ಬ್ಯಾಕ್. ಕ್ಯಾಂಟೀನಿನಲ್ಲೂ ಹಾಗೇ, ಫೀಸು ಕಟ್ಟುವ ಕಿಟಕಿಯ ಮುಂದೆಯೂ ಹಾಗೇ. ನನ್ನ ಮದುವೆಗೆ ಬಂದವರು ನನ್ನ ಹೆಂಡತಿಗೆ 'ನೋಡಮ್ಮ, ಈ ರೈಟ್ ಬ್ಯಾಕ್ ಒಳ್ಳೆ ಹುಡುಗ, ಆದ್ರೆ ಹಿಂದಕ್ಕೆ ಓಡಿ ಬರೋದು ನಿಧಾನ' ಅಂತ ಆಶೀರ್ವಾದ ಮಾಡಿ ಹೋದರು. ಅವಳು ಇವತ್ತಿಗೂ ಆ ಮಾತು ಎತ್ತುತ್ತಾಳೆ.

ನಾನು ನಮ್ಮ ಕಾಲೇಜಿನಲ್ಲಿ ಇದ್ದದ್ದು 1979ರಿಂದ 1982. ಬಿ.ಕಾಂ. ಏನು ಓದಿದೆ ಅಂತ ಕೇಳಬೇಡಿ. ಕಾಸ್ಟಿಂಗ್ ಅಂತ ಒಂದು ಸಬ್ಜೆಕ್ಟ್ ಇತ್ತು ಅನ್ನೋದಷ್ಟೇ ನೆನಪು. ಆದರೆ ನಮ್ಮ ಬಾಲಿಗೆ ಗಾಳಿ ತುಂಬುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಲೇಸ್ ಇರುವ ಹಳೇ ಚರ್ಮದ ಬಾಲು. ಮೇಷ್ಟ್ರು ಅದನ್ನು ಮಂಡಿಗಳ ಮಧ್ಯೆ ಒತ್ತಿ ಹಿಡಿದು, ಬ್ಲಾಡರಿನ ಬಾಯಿಗೆ ದಾರ ಸುತ್ತಿ, ಒಳಗೆ ತಳ್ಳಿ, ಲೇಸನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಹೊಲಿಗೆ ಬಿಟ್ಟ ಕಡೆ ಮೇಣ ಸವರಿದ ದಾರದಿಂದ ತಾವೇ ಹೊಲಿಯುತ್ತಿದ್ದರು. ಮಳೆ ಬಂದರೆ ಆ ಬಾಲು ಎರಡರಷ್ಟು ತೂಕ. ಲೇಸಿನ ಗಂಟು ಹಣೆಗೆ ಬಡಿದರೆ ಸಾಯಂಕಾಲದವರೆಗೂ ಅಚ್ಚು ಉಳಿಯುತ್ತಿತ್ತು. ನಮ್ಮ ಸ್ಟಾಪರಿನ ಹಣೆ ಇವತ್ತಿಗೂ ನೋಡಿ, ಸುಮ್ನೆ ಹೇಳ್ತಿಲ್ಲ.

ಕೈ ಕೆಲಸ ನಡೆಯುವಾಗ ಬಾಯಿಯಲ್ಲಿ ಕತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರು 1-2ರಲ್ಲಿ ಸೋತರಲ್ಲ, ಆ ಒಂದು ಗೋಲು ಬೆಂಗಳೂರಿನ ರಾಮನ್ ಹೊಡೆದದ್ದು. ತಂಡದಲ್ಲಿ ಜಾಸ್ತಿ ಜನ ಬರಿಗಾಲಲ್ಲೇ ಆಡಿದ್ದರು. ನಮ್ಮೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಆಗ ಮೇಷ್ಟ್ರಿಗೆ ಹದಿಮೂರು ವರ್ಷ. ಆಮೇಲೆ ಅಹ್ಮದ್ ಖಾನ್ ಊರಿಗೆ ಬಂದಾಗಲೆಲ್ಲ ಅವರ ಆಟ ನೋಡೋಕೆ ಶಾಲೆ ತಪ್ಪಿಸಿ ಹೋಗುತ್ತಿದ್ದರಂತೆ. 'ನೀವು ಶೂ ಹಾಕ್ಕೊಂಡೂ ಬಾಲ್ ಒದೆಯೋಕೆ ಬರಲ್ವಲ್ರೋ' ಅನ್ನುವುದು ಆ ಕತೆಯ ಕೊನೆಯ ಸಾಲು, ಯಾವಾಗಲೂ.

ಇನ್ನು ಗಂಟೆಯ ವಿಷಯ. ಇದನ್ನು ಬರೆದರೆ ಈಗಿನ ಪ್ರಿನ್ಸಿಪಾಲರು ಬೇಜಾರು ಮಾಡಿಕೊಳ್ಳಲಾರರು ಅಂದುಕೊಂಡಿದ್ದೇನೆ. ಆಗ ನಮ್ಮ ಗಂಟೆ ಅಂದರೆ ಮರಕ್ಕೆ ನೇತು ಹಾಕಿದ್ದ ರೈಲು ಕಂಬಿಯ ತುಂಡು. 1981ರಲ್ಲಿ ಇಂಟರ್ ಕಾಲೇಜು ಸೆಮಿಫೈನಲ್ ನಮ್ಮ ಮೈದಾನದಲ್ಲೇ ಇತ್ತು. ಮ್ಯಾಚ್ ಮೂರೂವರೆಗೆ, ಕೊನೇ ಪೀರಿಯಡ್ ಮುಗಿಯುವುದು ಮೂರು ಐವತ್ತಕ್ಕೆ. ನಮ್ಮ ಆಟ ನೋಡೋಕೆ ಯಾರೂ ಇಲ್ಲದಿದ್ದರೆ ಹೇಗೆ? ಅಟೆಂಡರ್ ಟೀ ಕುಡಿಯೋಕೆ ಹೋದದ್ದನ್ನು ನೋಡಿಕೊಂಡು ಲೆಫ್ಟ್ ಔಟ್ ಸುತ್ತಿಗೆ ತೆಗೆದುಕೊಂಡು ಇಪ್ಪತ್ತು ನಿಮಿಷ ಮೊದಲೇ ಲಾಂಗ್ ಬೆಲ್ ಬಾರಿಸಿಬಿಟ್ಟ. ಎರಡೇ ನಿಮಿಷಕ್ಕೆ ಇಡೀ ಕಾಲೇಜು ಟಚ್‌ಲೈನ್ ಮೇಲೆ. ಪಾಠ ಅರ್ಧದಲ್ಲಿ ನಿಂತ ಎಕನಾಮಿಕ್ಸ್ ಲೆಕ್ಚರರ್ ಕೂಡ ಚಾಕ್‌ಪೀಸ್ ಹಿಡಿದುಕೊಂಡೇ ಬಂದು ನಿಂತಿದ್ದರು.

ಮಾರನೇ ದಿನ ವಿಚಾರಣೆ. ಪ್ರಿನ್ಸಿಪಾಲರ ರೂಮಿನಲ್ಲಿ ಹನ್ನೊಂದು ಜನ ಸಾಲಾಗಿ ನಿಂತಿದ್ದೆವು. ಮೇಷ್ಟ್ರು ಒಳಗೆ ಬಂದು, 'ನಾನೇ ಹೊಡೆಸಿದ್ದು ಸಾರ್, ನನ್ನ ವಾಚ್ ಮುಂದಿತ್ತು' ಅಂದರು. ಕೈಯಲ್ಲಿದ್ದದ್ದು ಎಚ್‌ಎಂಟಿ. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಇಪ್ಪತ್ತು ನಿಮಿಷ ಮುಂದೆ ಹೋಗುತ್ತೆ ಅಂದರೆ ನಂಬುವವರು ಯಾರು? ಆದರೂ ಪ್ರಿನ್ಸಿಪಾಲರು ನಂಬಿದ ಹಾಗೆ ಮಾಡಿದರು. ಹೊರಗೆ ಬಂದ ಮೇಲೆ ನಮಗೆ ಇಪ್ಪತ್ತು ರೌಂಡು, ನಿಮಿಷಕ್ಕೊಂದು. ಬಾರಿಸಿದ್ದು ಯಾರು ಅಂತ ಅವರು ಕೊನೆಯವರೆಗೂ ಕೇಳಲಿಲ್ಲ.

ಫೈನಲ್ ನಾವು 1-0ಯಲ್ಲಿ ಗೆದ್ದೆವು. ಆ ಗೋಲು ನನ್ನದು. ಬಲಗಡೆ ಮೂಲೆ ಹತ್ತಿರದಿಂದ, ಕಡಿಮೆ ಅಂದರೂ ಮೂವತ್ತು ಗಜ, ನೇರ ಎರಡನೇ ಪೋಸ್ಟಿನ ಒಳಗೆ. ನಾನು ಕ್ರಾಸ್ ಹಾಕೋಕೆ, ಅಂದರೆ ಗೋಲಿನ ಮುಂದಿದ್ದ ನಮ್ಮವರಿಗೆ ಬಾಲ್ ಕೊಡೋಕೆ ಹೋಗಿದ್ದೆ, ಅದು ಗಾಳಿಗೆ ತಿರುಗಿ ಒಳಗೆ ಹೋಯಿತು ಅಂತ ನಮ್ಮ ತಂಡದ ಕೆಲವರು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಅಸೂಯೆಗೆ ಮದ್ದಿಲ್ಲ.

ಆಮೇಲೆ ಯಾರು ಏನಾದರು ಅಂತ ಹೇಳಬೇಕಲ್ವಾ. ನಮ್ಮಲ್ಲಿ ಯಾರೂ ಇಂಡಿಯಾಕ್ಕೆ ಆಡಲಿಲ್ಲ. ಆದರೆ ಆಗಿನ ಬೆಂಗಳೂರಿನಲ್ಲಿ ಫುಟ್‌ಬಾಲ್ ಅಂದರೆ ಕೆಲಸ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಸಿಐಎಲ್, ಎಲ್‌ಆರ್‌ಡಿಇ, ಹೀಗೆ ಸರ್ಕಾರಿ ಕಾರ್ಖಾನೆ, ಸಂಸ್ಥೆಗಳಿಗೆಲ್ಲ ತಂಡಗಳಿದ್ದವು. ಮೊದಲು ಸ್ಟೈಪೆಂಡ್, ಎರಡು ಸೀಸನ್ ಚೆನ್ನಾಗಿ ಆಡಿದರೆ ಪರ್ಮನೆಂಟ್. ಬೆಳಗ್ಗೆ ಕಾರ್ಡ್ ಪಂಚ್ ಮಾಡು, ಮಧ್ಯಾಹ್ನ ಪ್ರಾಕ್ಟೀಸ್. ಕ್ವಾರ್ಟರ್ಸ್, ಪಿ.ಎಫ್., ಮಕ್ಕಳಿಗೆ ಶಾಲೆ. ಮೇಷ್ಟ್ರು ಇಂಥ ಟ್ರಯಲ್ಸ್‌ಗೆ ಹುಡುಗರನ್ನು ತಮ್ಮ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿನ ಮ್ಯಾನೇಜರಿಗೆ ಅವರು ಹೇಳುತ್ತಿದ್ದದ್ದು ಇಷ್ಟೇ: 'ಇವನ ಕಾಲು ನೋಡಿ, ಮಾರ್ಕ್ಸ್ ಕಾರ್ಡ್ ಆಮೇಲೆ ನೋಡಿ.'

ಕೀಪರ್ ಹಾಗೇ ಒಂದು ಕಾರ್ಖಾನೆ ಸೇರಿದ. ಹದಿನೇಳು ವರ್ಷ ಆಡಿದ, ಆಮೇಲೆ ವಿ.ಆರ್.ಎಸ್. ತೆಗೆದುಕೊಂಡ. ಆ ದುಡ್ಡಲ್ಲಿ ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಸ್ಟಾಪರ್ ಹಲಸೂರಿನ ಎಂಇಜಿ ಅನ್ನೋ ಸೇನಾ ತುಕಡಿ ಸೇರಿ ಹವಾಲ್ದಾರನಾಗಿ ನಿವೃತ್ತನಾದ. ಬಾಗಿಲು ತಟ್ಟಿದರೆ ಈಗಲೂ ಅಟೆನ್ಷನ್‌ನಲ್ಲೇ ಬಂದು ತೆಗೆಯುತ್ತಾನೆ. ನಾನು ಬ್ಯಾಂಕ್ ಪರೀಕ್ಷೆ ಬರೆದು ಗುಮಾಸ್ತನಾಗಿ ಸೇರಿ ಸೀನಿಯರ್ ಮ್ಯಾನೇಜರ್ ಆಗಿ ಹೊರಬಂದೆ. ಕಾಲಿನಿಂದ ಅಲ್ಲ, ತಲೆಯಿಂದ ಅಂತ ನಾನು ಹೇಳಿದರೆ ಇವರು ನಗುತ್ತಾರೆ.

ನಮ್ಮಲ್ಲಿ ನಿಜವಾದ ಆಟಗಾರ ಅಂದರೆ ಲೆಫ್ಟ್ ಔಟ್. ಗೌತಮಪುರದ ಹುಡುಗ. ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಕೇರಿ ಅದು. ಮನೆಯಲ್ಲಿ ತಮಿಳು, ಮೈದಾನದಲ್ಲಿ ಕನ್ನಡ, ಬೈಗುಳ ಎರಡರಲ್ಲೂ. ಅವನು ಎಡಗಾಲಲ್ಲಿ ಬಾಲ್ ನಿಲ್ಲಿಸಿ ಭುಜ ಒಂದು ಕಡೆ ವಾಲಿಸಿದರೆ ಎದುರಿನ ಬ್ಯಾಕ್ ಅಷ್ಟೇ ಅಲ್ಲ, ನೋಡುವವರೂ ಆ ಕಡೆಗೇ ವಾಲುತ್ತಿದ್ದರು. ಕಲ್ಕತ್ತಕ್ಕೆ ಹೋದ. ಎರಡನೇ ಸೀಸನ್ನಿನಲ್ಲಿ ಮಂಡಿ ಹೋಯಿತು. ಆಗ ಈಗಿನ ಹಾಗೆ ಸಣ್ಣ ತೂತು ಮಾಡಿ ಸರಿ ಮಾಡುವ ಆಪರೇಷನ್ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಅರಿಶಿನ, ಉಪ್ಪು, ಪಟ್ಟು. ಊರಿಗೆ ಬಂದವನು ಆಟೋ ಓಡಿಸಿದ, ಇಪ್ಪತ್ತೆಂಟು ವರ್ಷ. ಈಗಲೂ ಬೆಳಗ್ಗೆ ಐದೂವರೆಗೆ ಕೇರಿಯ ಮಕ್ಕಳನ್ನು ಕಟ್ಟಿಕೊಂಡು ಮೈದಾನದಲ್ಲಿರುತ್ತಾನೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್ 2020ರಲ್ಲಿ, ಇನ್ನೂ 49ಕ್ಕೆ, ತೀರಿಕೊಂಡಾಗ ಅವನು ಎರಡು ದಿನ ಆಟೋ ತೆಗೆಯಲಿಲ್ಲ. ಇಂಡಿಯಾ ತಂಡದ ಕ್ಯಾಪ್ಟನ್ ಆಗಿದ್ದವರು ಅವರು. 'ನಮ್ಮಂಥೋರು ಏನಾಗಬಹುದಿತ್ತು ಅಂತ ಆ ಮನುಷ್ಯನ್ನ ನೋಡಿ ಗೊತ್ತಾಗ್ತಿತ್ತು' ಅಂದ.

2023ರ ಮಾರ್ಚ್ 4ರ ರಾತ್ರಿ ನಾವು ನಾಲ್ಕು ಜನ ಮೇಷ್ಟ್ರ ಮನೆಯಲ್ಲಿದ್ದೆವು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಫೈನಲ್, ಅದೂ ಸೌದಿಯ ರಿಯಾದ್‌ನಲ್ಲಿ. ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ದಿಂಬಿಗೆ ಒರಗಿಸಿ, ನನ್ನ ಮೊಬೈಲನ್ನು ಸ್ಟೀಲ್ ಚೊಂಬಿಗೆ ಆನಿಸಿ ಎದುರಿಗೆ ಇಟ್ಟೆವು. ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿತು. 1968-69ರಲ್ಲಿ ಇನ್ನೂ ಮೈಸೂರು ಅನ್ನುವ ಹೆಸರಿದ್ದಾಗ ಕೊನೇ ಸಲ ಗೆದ್ದದ್ದು, ಆಮೇಲೆ ಇದೇ, 54 ವರ್ಷದ ಮೇಲೆ. ಕೀಪರ್ ಅಳುತ್ತಿದ್ದ. ಸ್ಟಾಪರ್ ಎದ್ದು ನಿಂತಿದ್ದ. ಮೇಷ್ಟ್ರು ಸ್ವಲ್ಪ ಹೊತ್ತು ಆ ಹುಡುಗರು ಕುಣಿಯುವುದನ್ನು ನೋಡಿ, 'ಇವರಿಗೆಲ್ಲ ಎಲ್ಲಿ ಕೆಲಸ?' ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಲೆಫ್ಟ್ ಔಟ್ ಮಾತ್ರ, 'ಸಿಗುತ್ತೆ ಸಾರ್' ಅಂದ. ಅವನು ಸುಳ್ಳು ಹೇಳುವುದು ಮೇಷ್ಟ್ರಿಗೆ ಗೊತ್ತಾಗದೆ ಇರುತ್ತಾ.

ಈಗಿನವರನ್ನು ಬೈಯಬಾರದು, ನಮ್ಮ ಕಾಲದ ದೊಡ್ಡವರೂ ನಮ್ಮನ್ನು ಬೈದವರೇ. ಆದರೂ ಹೇಳಿಬಿಡುತ್ತೇನೆ. ಹೋದ ಜನವರಿಯಲ್ಲಿ ಕಾಲೇಜಿಗೆ ಬಂದಿದ್ದೆ. ನನ್ನ ಗೋಲು ಹೋದ ಕಡೆಯ ಪೋಸ್ಟ್ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಹುಡುಗರು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಟರ್ಫ್‌ನಲ್ಲಿ ಆಡುತ್ತಾರಂತೆ, ಐದೈದು ಜನ, ಬಲೆಯ ಒಳಗೆ. ದುಡ್ಡಿರುವವರ ಮಕ್ಕಳಿಗೆ ಸರಿ. ಗೌತಮಪುರದ ಹುಡುಗ ಎಲ್ಲಿ ಹೋಗಬೇಕು? ಅಟೆಂಡೆನ್ಸ್‌ಗೆ ಬೆರಳು ಒತ್ತುವ ಮಷೀನ್ ಬಂದಿದೆ, ಸುತ್ತಿಗೆ ಹೊಡೆದರೂ ಗಂಟೆ ಬಾರಿಸುವುದಿಲ್ಲ.

ಮೇಷ್ಟ್ರು ಹೋದ ಹನ್ನೊಂದನೇ ದಿನ ಅವರ ಮಗಳು ಒಂದು ಲಾಂಗ್ ನೋಟ್‌ಬುಕ್ ತಂದುಕೊಟ್ಟಳು. 'ಅಪ್ಪ ಇದನ್ನ ನಿಮಗೆ ಕೊಡು ಅಂದಿದ್ರು ಅಂಕಲ್.' ಒಂದೊಂದು ವರ್ಷಕ್ಕೂ ಒಂದೊಂದು ತಂಡ. ಹೆಸರಿಲ್ಲ, ಜಾಗ ಮಾತ್ರ. ಎದುರಿಗೆ ಬೇರೆ ಬೇರೆ ಇಂಕಿನಲ್ಲಿ, ಆಮೇಲೆ ಆಮೇಲೆ ಸೇರಿಸಿದ್ದು: ಯಾವ ಕಾರ್ಖಾನೆ, ಯಾವ ವರ್ಷ ಪರ್ಮನೆಂಟ್, ಮದುವೆ, ಮಕ್ಕಳು. ಕೆಲವು ಸಾಲುಗಳ ಎದುರು ಸುಮ್ನೆ ಖಾಲಿ. ಲೆಫ್ಟ್ ಔಟ್ ಎದುರು 'ಮಂಡಿ' ಅಂತ ಬರೆದು, ಅದರ ಕೆಳಗೆ 'ಆಟೋ', ಅದರ ಕೆಳಗೆ ಅಲುಗಾಡುವ ಕೈಬರಹದಲ್ಲಿ 'ಮಕ್ಕಳಿಗೆ ಕಲಿಸುತ್ತಾನೆ'. ಆ ಕೊನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ನನ್ನ ಸಾಲು ಹುಡುಕಿದೆ. ರೈಟ್ ಬ್ಯಾಕ್. ಬ್ಯಾಂಕ್. ಒಂದು ಹೆಣ್ಣು, ಒಂದು ಗಂಡು. ಪುಟದ ಕೆಳಗೆ 1981ರ ಫೈನಲ್: '1-0. ರೈಟ್ ಬ್ಯಾಕ್, ಕ್ರಾಸ್ ಹಾಕಲು ಹೋಗಿ.'

ಪುಸ್ತಕ ಮುಚ್ಚಿ, ಇದು ನನ್ನ ಹತ್ತಿರವೇ ಇರಲಿ, ಭದ್ರವಾಗಿ ಇಡುತ್ತೇನೆ ಅಂದೆ. ಅಷ್ಟರಲ್ಲಿ ಕೀಪರ್ ಹಿಂದಿನಿಂದ ಆ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಆಗಿತ್ತು.