ಬೆಂಕಿಯುಂಡೆಯ ಬೆಳಕೂ ಅದರ ಸ್ನಿಗ್ಧತೆಯೂ

ಹೊಳೆನರಸೀಪುರದ ಬಳಿಯ ಆಲೆಮನೆಯೊಂದರಲ್ಲಿ ಮೊನ್ನೆ ಸಂಜೆ ಕುಳಿತಿದ್ದೆ. ಪಾಕ ನೋಡುವ ಹಿರಿಯರು ಕೊಪ್ಪರಿಗೆಯಿಂದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆ ಕಟ್ಟುವುದೋ ಇಲ್ಲವೋ ಎಂದು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಅಚ್ಚಿನಲ್ಲಿ ಆರಿದ ಬೆಲ್ಲ ಕೊನೆಯ ಹದವನ್ನಷ್ಟೇ ಹೇಳುತ್ತದೆ. ರಸ ಕುದಿಯತೊಡಗಿದಾಗಿನಿಂದ ರಸ್ತೆಯವರೆಗೂ ಹರಡುವ ಘಮಲಾದರೋ ಎಲ್ಲ ಹದಗಳನ್ನೂ ಬೆರೆಸಿಕೊಂಡು ಬರುತ್ತದೆ.

ಭಾರ ಅಯಾನುಗಳ, ಅಂದರೆ ಚಿನ್ನದಂಥ ಭಾರ ನ್ಯೂಕ್ಲಿಯಸ್‌ಗಳ, ಡಿಕ್ಕಿಯಲ್ಲಿ ಪ್ರೋಟಾನು ನ್ಯೂಟ್ರಾನುಗಳೇ ಕರಗಿ ಹುಟ್ಟುವ ಬೆಂಕಿಯುಂಡೆಯಿಂದ, ಅಂದರೆ ಕ್ವಾರ್ಕ್-ಗ್ಲುಆನ್ ದ್ರವ್ಯದಿಂದ, ಹೊರಡುವ ಫೋಟಾನುಗಳದ್ದೂ (ಬೆಳಕಿನ ಕಣಗಳದ್ದೂ) ಇದೇ ಬಗೆ. ಕ್ವಾರ್ಕುಗಳನ್ನು ಹಿಡಿದಿಡುವ ಪ್ರಬಲ ಬಲ ಅವುಗಳನ್ನು ತಡೆಯುವುದಿಲ್ಲವಾದ್ದರಿಂದ, ಹುಟ್ಟಿದ ಗಳಿಗೆಯ ಸುದ್ದಿಯನ್ನು ಹೊತ್ತು ಅವು ನೇರವಾಗಿ ಹೊರಬರುತ್ತವೆ. ಆ ಬಲಕ್ಕೆ ಒಳಗಾಗುವ ಪಯಾನುಗಳಂಥ ಕಣಗಳಾದರೋ ದ್ರವ್ಯ ತಣಿದ ಮೇಲಷ್ಟೇ ಬಿಡುಗಡೆ ಹೊಂದುತ್ತವೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿದ ಫೀನಿಕ್ಸ್ ತಂಡ, ಫೋಟಾನುಗಳ ರೋಹಿತದ (ಶಕ್ತಿ ಏರಿದಂತೆ ಅವುಗಳ ಎಣಿಕೆ ತಗ್ಗುವ ನಕ್ಷೆಯ) ಇಳಿಜಾರಿನಿಂದ ಸುಮಾರು 221 ಎಂಇವಿ (ಶಕ್ತಿಯ ಏಕಮಾನ) ಎಂಬ ಅಂಕಿಯನ್ನು 2010ರಲ್ಲಿ ಪ್ರಕಟಿಸಿತು. ಉಷ್ಣತೆಯಾಗಿ ಕೆಲ್ವಿನ್‌ನಲ್ಲಿ ಇದು ಸುಮಾರು 2.5 ಲಕ್ಷ ಕೋಟಿ. ಸೂರ್ಯನ ಒಡಲಿನ ಉಷ್ಣತೆ ಬರೀ 1.5 ಕೋಟಿ.

ಈ ಅಂಕಿಯನ್ನೇ ದ್ರವ್ಯದ ಉಷ್ಣತೆಯೆಂದು ಬರೆದುಬಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ದ್ರವ್ಯ ಹೊರಮುಖವಾಗಿ ಹಿಗ್ಗುವ ವೇಗ ಫೋಟಾನುಗಳ ಶಕ್ತಿಯನ್ನು ಏರಿಸಿ ತೋರಿಸುತ್ತದೆ. ಅದರ ಮೇಲೆ ಸ್ನಿಗ್ಧತೆಯೂ (ಹರಿವಿಗೆ ಒಳಗಿನಿಂದ ಬರುವ ತಡೆಯೂ) ತನ್ನ ಕೈ ಸೇರಿಸುತ್ತದೆ. ದ್ರವದಂತೆ ಹರಿಯುವ ಈ ದ್ರವ್ಯದ ಸ್ನಿಗ್ಧತೆಗೂ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಸಾಂದ್ರತೆಗೂ ಇರುವ ಅನುಪಾತ, ಸಹಜ ಏಕಮಾನಗಳಲ್ಲಿ, 2005ರಲ್ಲಿ ಊಹಿಸಲಾದ 0.08ರ ಕನಿಷ್ಠ ಮಿತಿಗೆ ಹತ್ತಿರದಲ್ಲಿದೆ. ಅಷ್ಟು ಕಡಿಮೆಯೆಂದು ಅದನ್ನು ಕೈಬಿಡುವಂತಿಲ್ಲ, ಏಕೆಂದರೆ ಆರಂಭದಲ್ಲಿ ದ್ರವ ಹಿಗ್ಗುವ ರಭಸ ವಿಪರೀತ. ಆಗ ಕಣಗಳ ಸಂವೇಗದ ಹಂಚಿಕೆ ಸಮತೋಲದಿಂದ ಸರಿಯುತ್ತದೆ. ರೂಢಿಯ ಲೆಕ್ಕದಲ್ಲಿ ಈ ಸರಿಯುವಿಕೆಗೆಂದು ಸೇರಿಸುವ ತಿದ್ದುಪಡಿ ಸಂವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಹೆಚ್ಚು ಶಕ್ತಿಯ ಫೋಟಾನುಗಳ ಎಣಿಕೆ ಏರುತ್ತದೆ. ಜೊತೆಗೆ ಸ್ನಿಗ್ಧತೆಯ ಘರ್ಷಣೆ ಶಾಖವನ್ನು ಹುಟ್ಟಿಸಿ ತಣಿಯುವಿಕೆಯನ್ನು ನಿಧಾನಗೊಳಿಸುತ್ತದೆ.

ತೊಡಕು ಇನ್ನೊಂದಿದೆ. ಫೋಟಾನುಗಳು ಎಲ್ಲ ದಿಕ್ಕಿಗೂ ಸಮನಾಗಿ ಚೆದುರದೆ, ಪಯಾನುಗಳಷ್ಟೇ ದೊಡ್ಡ ದೀರ್ಘವೃತ್ತೀಯ ಹರಿವನ್ನು (ಒಂದು ದಿಕ್ಕಿಗೆ ಹೆಚ್ಚು, ಅದರ ಅಡ್ಡ ದಿಕ್ಕಿಗೆ ಕಡಿಮೆ ಹೊರಡುವ ಒಲವನ್ನು) ತೋರುತ್ತವೆಯೆಂದು ಅದೇ ತಂಡ ಆಮೇಲೆ ಅಳೆಯಿತು. ಹರಿವು ಬಲಿಯಲು ಹೊತ್ತು ಬೇಕು. ಬಿಸಿ ಫೋಟಾನುಗಳೋ ಮೊದಲೇ ಹೊರಟಿರುತ್ತವೆ, ಹಾಗಾಗಿ ಅವುಗಳ ಹರಿವು ಚಿಕ್ಕದಿರಬೇಕಿತ್ತು. ಸ್ನಿಗ್ಧತೆಯನ್ನು ಸೇರಿಸಿದರೆ ಲೆಕ್ಕದ ಹರಿವು ಮತ್ತಷ್ಟು ತಗ್ಗಿ, ಅಳತೆಗೂ ಸಿದ್ಧಾಂತಕ್ಕೂ ನಡುವಿನ ಅಂತರ ಹಿಗ್ಗುತ್ತದೆ.

ನಾನೂ ಈ ಲೆಕ್ಕವನ್ನು ಕೈಯಲ್ಲಿ ಮಾಡಲು ಕುಳಿತೆ. ಸಂವೇಗ ಏರಿದಂತೆ ತಿದ್ದುಪಡಿಯ ಪದ ಮೂಲಪದವನ್ನೇ ಮೀರಿತು. ತಿದ್ದುಪಡಿ ಚಿಕ್ಕದೆಂಬ ನಂಬಿಕೆಯ ಮೇಲೆ ನಿಂತ ವಿಧಾನ ಅಲ್ಲಿಂದಾಚೆ ನಡೆಯದು. ಆ ಗಡಿಗೆ ಗೀಟು ಹಾಕಿ, ಅದರ ಈಚೆಯ ಅಂಕಿಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.